ಮದ್ದು ಕೇಳದ ಗಿಡ

ಮನೆಗೆ ಬಂದವರ ಮುಖಕ್ಕಿಂತ ಮೊದಲು ಕಣ್ಣಿನ ಪಾಪೆ ನೋಡುವುದು ನನ್ನ ಅಭ್ಯಾಸ. ಸೇಲಂನಲ್ಲಿ ನರ್ಸ್ ಆಗಿ ಬದುಕಿನ ಬಹುಪಾಲು ಕಳೆದವಳಿಗೆ ಅದು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಿವೃತ್ತಳಾಗಿ ನಂಗವಳ್ಳಿ ಹತ್ತಿರದ, ತಮಿಳು ಬೆರೆತ ಕನ್ನಡ ಆಡುವ ನಮ್ಮೂರಿಗೆ ಬಂದೆ. ಬಂದ ಮೊದಲ ವಾರದಲ್ಲೇ ತಮ್ಮನ ಕಣ್ಣು ನೋಡಿದೆ. ಆಗ ಸಂಜೆ, ಜಗುಲಿಯ ಮೇಲೆ ಮಬ್ಬು ಬೆಳಕು. ಅಂಥ ಬೆಳಕಿನಲ್ಲಿ ಯಾರ ಪಾಪೆಯಾದರೂ ಅಗಲವಾಗಿರಬೇಕು. ಅವನದು ಸಾಸಿವೆ ಕಾಳಿನಷ್ಟು ಕುಗ್ಗಿತ್ತು.

"ಇವತ್ತು ಯಾರ ಒಲಕ್ಕೆ ಓಗಿದ್ದೆ?" ಎಂದು ಕೇಳಿದೆ.

"ಮೇಚೇರಿ ರೋಡಲ್ಲಿ ಒಂದು ಅತ್ತಿ ಒಲ. ಅಪ್ಪುರಂ ಅಲ್ಲೇ ಪಕ್ಕದಲ್ಲಿ ಮೆಣಸಿನ ಗಿಡ. ಯಾಕಕ್ಕ, ಬಂದೋರ್ನೆಲ್ಲ ಇಂಗೇ ನೋಡ್ತೀಯಾ? ರಿಟೈರ್ ಆಗಿದೀಯ, ಮರೆತ್ಯಾ?" ಎಂದು ನಕ್ಕ. ನಗುವಾಗ ಬಾಯಿಯ ಅಂಚಿನಲ್ಲಿ ಜೊಲ್ಲು ಸುರಿಯಿತು. ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ. ಆ ಟವೆಲಿಗೂ ಮದ್ದಿನ ವಾಸನೆ ಇತ್ತು.

ಅವನು ಹುಳಕ್ಕೆ ಮದ್ದು ಹೊಡೆಯುವವನು. ಬೆನ್ನಿಗೆ ಟಾಂಕಿ ಕಟ್ಟಿಕೊಂಡು, ಎಡಗೈಯಲ್ಲಿ ಪಂಪಿನ ಹಿಡಿ, ಬಲಗೈಯಲ್ಲಿ ಮದ್ದು ಚಿಮ್ಮುವ ಕೋಲು ಹಿಡಿದು ಸಾಲಿನಿಂದ ಸಾಲಿಗೆ ನಡೆಯುವ ಕೆಲಸ. ನಮ್ಮ ಹೊಲದ ಬೇಸಾಯವೂ ಇತ್ತು. ಮನೆಯಲ್ಲಿ ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೆ ಸುತ್ತಲಿನ ಊರಿನವರು ಹುಳ ಕಂಡ ಕೂಡಲೇ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವನು ಒಂದು ಎಲೆಯನ್ನೂ ಒಣಗಲು ಬಿಡುವುದಿಲ್ಲ, ಮದ್ದು ಹಾಕುವ ಅವನ ಕೈ ಸಮ ಎಂದು ಹೊಗಳುತ್ತಿದ್ದರು. ಅವನು ಹೋಗುತ್ತಿದ್ದುದು ಆ ಮಾತಿಗೆ. ಕರೆದವರಿಗೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ.

ಹತ್ತಿ ಬೆಳೆಯುವ ಕಾಲದಲ್ಲಿ ನಮ್ಮ ವಾರ್ಡಿಗೆ ಹೀಗೆ ಪಾಪೆ ಕುಗ್ಗಿ ಜೊಲ್ಲು ಸುರಿಸುವವರನ್ನು ಎತ್ತಿಕೊಂಡು ಬರುತ್ತಿದ್ದರು. ಸಾಯಲೆಂದು ಮದ್ದು ಕುಡಿದು ಬಂದವರಲ್ಲ, ಹೊಡೆಯುವಾಗ ಉಸಿರಿನಲ್ಲಿ ಎಳೆದುಕೊಂಡವರು, ಬೆನ್ನ ಮೇಲೆ ಸೋರಿಸಿಕೊಂಡವರು. ಬಹಳ ಜನ ಎದ್ದು ನಡೆದು ಹೋಗುತ್ತಿದ್ದರು. ಕೆಲವರು ಮತ್ತೆ ಬರುತ್ತಿದ್ದರು. ಒಮ್ಮೆ ಮತ್ತೆ ಬಂದವರು ಮೂರನೆಯ ಸಲ ಬಂದಾಗ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೆ. ಅದನ್ನು ತಮ್ಮನ ಹೆಂಡತಿಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.

"ಅಕ್ಕ, ಅವ್ರ ಕೈ ನೋಡಿದ್ರಾ?" ಎಂದು ಅವಳೇ ಒಂದು ಬೆಳಿಗ್ಗೆ ಒಲೆಯ ಮುಂದೆ ಕೇಳಿದಳು. "ಲೋಟ ಇಡ್ಕಂಡ್ರೆ ಅರ್ಧ ಕಾಫಿ ನೆಲಕ್ಕೆ. ನಾನ್ ಏಳಿದ್ರೆ ಬೈತಾರೆ. ನೀವ್ ದೊಡ್ಡೋರು, ನೀವ್ ಏಳಿ. ಆ ಟಾಂಕಿ ಬೆನ್ನಿಂದ ಇಳೀಬೇಕು. ನಂಗೆ ಬ್ಯಾರೆ ಏನೂ ಬ್ಯಾಡ."

ನಾನು ಹೇಳಿದೆ. ಅವನು ಕೇಳಲಿಲ್ಲ. ಬೈದೆ. ಅದಕ್ಕೂ ನಕ್ಕ. ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊ, ಗಾಳಿಗೆ ಬೆನ್ನು ಕೊಟ್ಟು ನಡೆ, ಮುಗಿದ ಕೂಡಲೇ ಸೋಪು ಹಚ್ಚಿ ಮೀಯು ಎಂದು ಮೂರು ಮಾತಿನ ಕಟ್ಟಳೆ ಮಾಡಿಕೊಟ್ಟೆ. ಮೂರನ್ನೂ ಮುರಿದ.

ಆ ಸಮಯದಲ್ಲೇ ನಮ್ಮ ಕಡೆಗೆ ಸೋಯಾ ಅವರೆ ಬಂದಿತ್ತು. ಮರಗೆಣಸಿನ ನಡುವೆ ಸಾಲಾಗಿ ಬಿತ್ತಿ, ಎಣ್ಣೆಗೂ ಆಗುತ್ತದೆ, ಮಣ್ಣಿಗೂ ಒಳ್ಳೆಯದು ಎಂದು ಬೇಸಾಯದ ಆಫೀಸಿನವರು ಬೀಜ ಹಂಚಿದ್ದರು. ಗಿಡ ಚೆನ್ನಾಗಿಯೇ ಬಂತು. ಅದರ ಹಿಂದೆಯೇ ಎಲೆ ತಿನ್ನುವ ಹಸಿರು ಹುಳವೂ, ಎಲೆ ಮಡಚಿ ಒಳಗೆ ಕೂರುವ ಹುಳವೂ, ರಸ ಹೀರುವ ಜಿಗಿಹುಳವೂ ಬಂದವು. ತಮ್ಮನಿಗೆ ಇನ್ನಷ್ಟು ಕರೆ ಬಂತು.

ಆಷಾಢದ ಹೊತ್ತಿಗೆ ಬರುವ ಆಡಿ ಮಾಸದ ಬಿತ್ತನೆಗೆ ಮುಂಚೆ ಒಂದು ಸಂಶೋಧನಾ ಫಾರಂನಿಂದ ಒಬ್ಬ ಹೆಣ್ಣುಮಗಳು ಜೀಪಿನಲ್ಲಿ ಊರಿಗೆ ಬಂದಳು. ತಮಿಳಿನವಳು, ಓದು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಅವಳ ಬಳಿ ನಾಲ್ಕು ತಳಿಯ ಸೋಯಾ ಬೀಜ ಇತ್ತು. ಯಾವ ತಳಿ ಮದ್ದಿಲ್ಲದೆ ತನ್ನಷ್ಟಕ್ಕೆ ತಾನೇ ಹುಳವನ್ನು ತಡೆದು ನಿಲ್ಲುತ್ತದೆ ಎಂದು ರೈತರ ಹೊಲದಲ್ಲೇ ನೋಡಬೇಕಂತೆ. ಕಟ್ಟಳೆ ಒಂದೇ: ಬಿತ್ತಿದ ದಿನದಿಂದ ಕೊಯ್ಯುವ ದಿನದವರೆಗೆ ಮದ್ದು, ಬೂದಿ, ಬೇವಿನ ನೀರು ಯಾವುದೂ ಸೋಕಬಾರದು. ಹುಳವನ್ನು ಕೈಯಲ್ಲಿ ಹೆಕ್ಕಲೂಬಾರದು. ಊರಿನಲ್ಲಿ ಯಾರೂ ಒಪ್ಪಲಿಲ್ಲ. ಕಣ್ಣೆದುರಿಗೆ ಬೆಳೆಯನ್ನು ಹುಳಕ್ಕೆ ಕೊಟ್ಟು ಕೂರಲು ಯಾರಿಗೆ ಮನಸ್ಸು ಬರುತ್ತದೆ?

ಬಾವಿಯ ಪಕ್ಕದ ಒಂದು ತುಂಡು ಹೊಲವನ್ನು ಅಪ್ಪ ನನ್ನ ಪಾಲಿಗೆ ಬಿಟ್ಟಿದ್ದರು. ಅದನ್ನು ಕೊಡುತ್ತೇನೆ ಎಂದೆ.

ತಂತಿ ಕಟ್ಟಿ, ಗೂಟ ಹೊಡೆದು, ನಾಲ್ಕು ಪಟ್ಟೆ ಮಾಡಿ ಬಿತ್ತಿದೆವು. ಗಿಡ ಮೊಣಕಾಲೆತ್ತರ ಬಂದಾಗ ಅವಳು ಮತ್ತೆ ಬಂದು ನನ್ನನ್ನು ಸಾಲಿನೊಳಗೆ ಕರೆದುಕೊಂಡು ಹೋದಳು. ಮೊದಲ ಎರಡು ಪಟ್ಟೆಯ ಎಲೆ ಅಗಲ, ನುಣುಪು. ಮೂರನೆಯದು ಸ್ವಲ್ಪ ಒರಟು. ಕೊನೆಯ ಪಟ್ಟೆಯ ಎಲೆಯನ್ನು ಬೆರಳಿನಿಂದ ಸವರಿದರೆ ಎಳೆಗರುವಿನ ಕಿವಿ ಮುಟ್ಟಿದಂತಾಗುತ್ತಿತ್ತು. ಕಾಂಡದ ಮೇಲೂ ಎಲೆಯ ಮೇಲೂ ದಟ್ಟವಾದ ಸಣ್ಣ ರೋಮ.

"ಈ ರೋಮದಲ್ಲಿ ಜಿಗಿಹುಳಕ್ಕೆ ಕಾಲೂರಲು ಆಗದು, ಸಿಸ್ಟರ್," ಎಂದು ಅವಳು ತಮಿಳಿನಲ್ಲಿ ವಿವರಿಸಿದಳು. "ಮೊಟ್ಟೆಯೊಡೆದು ಬಂದ ಮರಿಹುಳದ ಬಾಯಿ ಎಲೆಗೆ ಸರಿಯಾಗಿ ತಾಕದು. ಇನ್ನು ಕೆಲವು ಗಿಡಗಳಿವೆ. ಅವುಗಳ ರಸವೇ ಹುಳಕ್ಕೆ ಒಗ್ಗುವುದಿಲ್ಲ. ತಿನ್ನುತ್ತವೆ, ಆದರೆ ಬೆಳೆಯುವುದಿಲ್ಲ. ಮತ್ತೆ ಕೆಲವನ್ನು ತಿಂದರೂ ಅವು ಹೊಸ ಎಲೆ ಬಿಟ್ಟುಕೊಂಡು ಕಾಯಿ ಕಟ್ಟುತ್ತವೆ."

ವಾರ್ಡಿನಲ್ಲೂ ಹಾಗೆಯೇ ಎಂದೆ. ಒಂದೇ ನೀರು ಕುಡಿದ ಮನೆಯಲ್ಲಿ ಒಬ್ಬನಿಗೆ ಜ್ವರ ತಾಕುವುದೇ ಇಲ್ಲ, ಇನ್ನೊಬ್ಬ ಮಲಗಿ ಏಳುತ್ತಾನೆ, ಮತ್ತೊಬ್ಬ ಏಳುವುದಿಲ್ಲ. ಅವಳು ತಲೆಯಾಡಿಸಿದಳು. ಅಂದಿನಿಂದ ನನಗೆ ಅದು ನಾಲ್ಕು ಹಾಸಿಗೆಯ ವಾರ್ಡ್ ಆಯಿತು. ಬೆಳಗಾದ ಕೂಡಲೇ ಮುಖ ತೊಳೆದು, ಸೀರೆ ಎತ್ತಿ ಕಟ್ಟಿ, ಮೊದಲ ಪಟ್ಟೆಯಿಂದ ಕೊನೆಯ ಪಟ್ಟೆಯವರೆಗೆ ಒಂದು ಸುತ್ತು. ಆಮೇಲೆ ಕಾಫಿ.

ತಮ್ಮನಿಗೆ ಇದು ದೊಡ್ಡ ತಮಾಷೆ. "ಅಕ್ಕ, ನಿನ್ ಪೇಷಂಟ್‌ಗಳು ಎಂಗವ್ರೆ? ಟೆಂಪ್ರೇಚರ್ ನೋಡ್ದ್ಯಾ?" ಎಂದು ದಿನಾ ಕಾಡುತ್ತಿದ್ದ.

"ನಗ್ತಾ ಇರು. ಇವುಗಳಲ್ಲಿ ಒಂದಾದ್ರೂ ನಿನ್ ಕೈ ಇಲ್ದೆ ನಿಂತ್ರೆ ಏನ್ ಮಾಡ್ತೀಯ?"

"ನಿಂತ್ರಾ?" ಅವನು ರೋಮದ ಪಟ್ಟೆಯ ಕಡೆ ಕಣ್ಣು ಹಾಯಿಸಿದ. "ನಿಂತ್ರೆ ಟಾಂಕಿ ಅಟ್ಟಕ್ಕೆ ಆಕ್ತೀನಿ. ಅಪ್ಪನಾಣೆ. ಮದ್ದಿಲ್ದೆ ಬೆಳೆ ನಿಲ್ಲೋದಾದ್ರೆ ನಂಗೇನ್ ಕೆಲ್ಸ? ಆದ್ರೆ ನಿಲ್ಲಲ್ಲ ಕಣಕ್ಕ. ನಾನ್ ನೋಡಿರೋ ಉಳಗಳ್ನ ನಿನ್ ಫಾರಂ ಉಡುಗಿ ನೋಡಿಲ್ಲ."

ಅವನ ಹೆಂಡತಿ ಬಾವಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆ ದಿನದಿಂದ ನನಗಿಂತ ಮುಂಚೆ ಅವಳೇ ರೋಮದ ಪಟ್ಟೆಯ ಬಳಿ ಹೋಗಿ ನಿಂತಿರುತ್ತಿದ್ದಳು. ಮುಟ್ಟುತ್ತಿರಲಿಲ್ಲ. ನಾನು ಹೇಳಿದ ಕಟ್ಟಳೆಯನ್ನು ಆ ಮನೆಯಲ್ಲಿ ಪಾಲಿಸಿದವಳು ಅವಳೊಬ್ಬಳೇ.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದೆ ನಡೆದದ್ದು ತಿಳಿಯುವುದಿಲ್ಲ. ಮನೆಯ ಯಾವ ಹೊಲದ ಕಾಳಾದರೂ ಕಣದಲ್ಲಿ ರಾಶಿಯಾದ ಮೇಲೆ ಮನೆಯವರು ಒಂದು ಹಿಡಿ ತೆಗೆದುಕೊಳ್ಳುವ ಮೊದಲು ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳ ಮಡಿಲಿಗೆ ಮೊದಲ ಮೊರ ತುಂಬಬೇಕು. ಅದನ್ನು ತುಂಬಬೇಕಾದವನು ಅವಳ ಅಣ್ಣ ಅಥವಾ ತಮ್ಮ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ರಾಗಿ ಕೈಕೊಟ್ಟಿತ್ತು. ಆಗ ಅಪ್ಪ ಪಕ್ಕದ ಊರಿಗೆ ನಡೆದು ಹೋಗಿ, ಬೇರೆಯವರ ಕಣದಿಂದ ರಾಗಿ ತಂದು, ನನ್ನ ಸೋದರತ್ತೆಯ ಸೆರಗಿಗೆ ಸುರಿದರು. ಹುಟ್ಟಿದ ಮನೆಯಿಂದ ಹೆಣ್ಣು ಬರಿ ಮಡಿಲಲ್ಲಿ ಹೋದರೆ ಆ ಗಂಡಸು ಊರಿನಲ್ಲಿ ತಲೆಯೆತ್ತುವಂತಿಲ್ಲ. ನಾನು ಮದುವೆಯಾಗದೆ ಉಳಿದವಳು, ಅದೇ ಮನೆಯಲ್ಲಿ ಉಣ್ಣುವವಳು. ಆದರೂ ತಮ್ಮ ಪ್ರತಿ ವರ್ಷ ನನ್ನನ್ನು ಕಣಕ್ಕೆ ಕರೆದು ಸೆರಗು ಹಿಡಿಸುತ್ತಿದ್ದ. ನನಗೆ ರಜೆ ಸಿಗದ ವರ್ಷ ಬಸ್ಸಿನಲ್ಲಿ ಸೇಲಂಗೆ ಚೀಲ ಹೊತ್ತು ತಂದು, ಹಾಸ್ಟೆಲಿನ ಬಾಗಿಲಲ್ಲೇ ತುಂಬಿ ಹೋಗಿದ್ದ. ವಾಚ್‌ಮ್ಯಾನ್ ನಕ್ಕರೂ ಅವನಿಗೆ ಲಕ್ಷ್ಯವಿರಲಿಲ್ಲ.

ಹೂ ಬಿಡುವ ಹೊತ್ತಿಗೆ ಹುಳ ಬಂತು. ಮೊದಲು ಬದುವಿನ ಹರಳು ಗಿಡದ ಎಲೆಯ ಹಿಂದೆ ಮೊಟ್ಟೆಯ ಗುಂಪುಗಳು ಕಂಡವು. ಆಮೇಲೆ ನುಣುಪಾದ ಎರಡು ಪಟ್ಟೆಗಳಲ್ಲಿ ಎಲೆ ಬೆಳ್ಳಗಾಗತೊಡಗಿತು. ಕೆಲವೇ ದಿನಗಳಲ್ಲಿ ಅವುಗಳ ಎಲೆ ಹಳೆಯ ಸೊಳ್ಳೆ ಪರದೆಯಂತೆ ನರ ಮಾತ್ರ ಉಳಿದು ಜೋತುಬಿದ್ದಿತು. ಬೆಳಿಗ್ಗೆ ಹೊಲದಲ್ಲಿ ನಿಂತರೆ ಕಚ್ಚುವ ಸದ್ದೇ ಕೇಳಿಸುತ್ತಿತ್ತು. ಮೂರನೆಯ ಪಟ್ಟೆ ಅರ್ಧ ಹೋಯಿತು. ರೋಮದ ಪಟ್ಟೆಗೂ ಹುಳ ಬಂದಿತ್ತು. ಆದರೆ ಅಲ್ಲಿದ್ದವು ಬಡಕಲು ಹುಳ, ಒಂದೊಂದು ಎಲೆಯಂಚನ್ನು ಮಾತ್ರ ಕಚ್ಚಿ ಬಿಟ್ಟಿದ್ದವು. ಗಿಡ ಹಸಿರಾಗಿಯೇ ಇತ್ತು. ಒಂದೇ ಮಣ್ಣು, ಒಂದೇ ಬಾವಿಯ ನೀರು. ನಡುವೆ ಇದ್ದದ್ದು ಒಂದು ಕಾಲುದಾರಿ.

ನನಗೆ ಸಂತೋಷವಾಗಬೇಕಿತ್ತು. ಆದರೆ ಊರು ರೋಮದ ಪಟ್ಟೆಯನ್ನು ನೋಡಲಿಲ್ಲ. ರಸ್ತೆಯಿಂದ ಕಾಣುತ್ತಿದ್ದುದು ತಿಂದುಹೋದ ಎರಡು ಪಟ್ಟೆ.

ಪಕ್ಕದ ಹೊಲ ನಮಗೆ ದೂರದ ನೆಂಟರಾದ ಒಬ್ಬ ಮಾವನದು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನಾಲಗೆ ಮಾತ್ರ ಅವರ ಹಿಡಿತದಲ್ಲಿಲ್ಲ. ಒಂದು ಸಂಜೆ ತಮ್ಮ ಅವರ ಹೊಲಕ್ಕೇ ಮದ್ದು ಹೊಡೆದು ಬದುವಿನ ಮೇಲೆ ಟಾಂಕಿ ಇಳಿಸುತ್ತಿದ್ದ. ನಾನು ಬಾವಿಯ ಬಳಿ ಇದ್ದೆ.

"ಏನ್ಲಾ ಅಳಿಯಾ," ಎಂದರು ಮಾವ, ನನ್ನ ಹೊಲದ ಕಡೆ ಬೀಡಿ ತೋರಿಸಿ. "ಊರ್ ಒಲಕ್ಕೆಲ್ಲ ಮರುಂದು ಒಡೀತೀಯ. ಅಕ್ಕನ್ ಒಲಕ್ಕೆ ಉಳ ಮೇಯಕ್ಕೆ ಬುಟ್ಟಿದೀಯ. ಈ ಸಲ ಮಡ್ಲಿಗೆ ಏನ್ ತುಂಬ್ತೀಯಾ? ಉಳಾನೇ ತುಂಬ್ತೀಯಾ?"

ಬದುವಿನ ಮೇಲೆ ಕುಳಿತಿದ್ದ ನಾಲ್ಕು ಜನ ನಕ್ಕರು. ತಮ್ಮ ನಗಲಿಲ್ಲ.

"ಮಾವ, ಅದು ಪರೀಕ್ಷೆಗೆ ಬಿಟ್ಟಿರೋದು. ತಿಂದ್ರೆ ತಿನ್ಲಿ. ಕೊನೇ ಪಟ್ಟೆ ನೋಡಿ, ಎಂಗೈತೆ," ಎಂದು ನಾನು ಬಾವಿಯಿಂದಲೇ ಕೂಗಿದೆ.

"ನಿಂಗೇನ್ ನರ್ಸಮ್ಮ, ನೀನ್ ಏಳ್ತೀಯ. ತುಂಬೋನು ಅವನಲ್ವಾ," ಎಂದರು.

ತಮ್ಮ ಟಾಂಕಿ ಎತ್ತಿಕೊಂಡು ಮನೆಗೆ ನಡೆದ. ಊಟದ ಹೊತ್ತಿನಲ್ಲಿ ಒಂದೇ ಮಾತು ಕೇಳಿದ: "ಅಕ್ಕ, ಎರಡ್ ಪಟ್ಟೆಗೆ ಮಾತ್ರ ಒಂದು ಕೈ ಆಕ್ಲಾ? ಸುಮ್ಮಾ ಒಂದೇ ಸಲ?" ಬೇಡ ಎಂದೆ. ಒಂದು ಪಟ್ಟೆಗೆ ಸೋಕಿದರೂ ನಾಲ್ಕೂ ಹಾಳು ಎಂದು ವಿವರಿಸಿದೆ. ತಟ್ಟೆ ನೋಡುತ್ತಾ ಸರಿ ಎಂದ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವನ ಚಾಪೆ ಖಾಲಿ ಇತ್ತು. ಹಿತ್ತಲ ಬಾಗಿಲು ತೆಗೆದಾಗ ಗಾಳಿಯಲ್ಲಿ ಆ ವಾಸನೆ ಬಂತು. ಬಾವಿಯ ಕಡೆಯಿಂದ ಬರುವ ಗಾಳಿ. ಸೀರೆ ಎತ್ತಿ ಕಟ್ಟಲೂ ನಿಲ್ಲದೆ ಓಡಿದೆ.

ಅವನು ಎರಡನೆಯ ಪಟ್ಟೆಯ ನಡುವಿನಲ್ಲಿದ್ದ. ಮುಖಕ್ಕೆ ಬಟ್ಟೆ ಇಲ್ಲ. ನಾನು ಏಳುವ ಮೊದಲು ಮುಗಿಸುವ ಅವಸರದಲ್ಲಿ ಗಾಳಿಗೆ ಎದುರಾಗಿಯೇ ನಡೆದಿದ್ದ. ಅಂಗಿಯ ಮುಂಭಾಗವೆಲ್ಲ ಒದ್ದೆ. ನನ್ನನ್ನು ನೋಡಿ ಪಂಪು ನಿಲ್ಲಿಸಿದ.

"ಬೈಬ್ಯಾಡ ಅಕ್ಕ," ಎಂದ. "ಮಡ್ಲು ತುಂಬೋಕೆ ಎರಡ್ ಮೊರ ಆದ್ರೂ ಬರ್ಲಿ ಅಂತ..." ಎನ್ನುತ್ತಲೇ ಸಾಲಿನಲ್ಲಿ ಕುಸಿದು ಕುಳಿತ. ವಾಂತಿ ಮಾಡಿಕೊಂಡ. ತೋಳಿನ ಚರ್ಮದ ಕೆಳಗೆ ಮಾಂಸಖಂಡ ಪಟಪಟನೆ ಅದುರುತ್ತಿತ್ತು.

ಆಮೇಲಿನದೆಲ್ಲ ನನ್ನ ಕೈಗೆ ಗೊತ್ತಿದ್ದ ಕೆಲಸ. ಟಾಂಕಿಯ ಪಟ್ಟಿ ಬಿಚ್ಚಿದೆ, ಅಂಗಿ ಲುಂಗಿ ತೆಗೆದೆಸೆದೆ, ಬಾವಿಯ ಬಳಿ ಎಳೆದು ತಂದು ಸೋಪು ಹಚ್ಚಿ ನೀರು ಸುರಿದೆ, ತಲೆಗೂದಲು ತೊಳೆದೆ, ಒಣ ಸೀರೆ ಸುತ್ತಿದೆ, ಬಾಯಿಯ ನೊರೆ ಒರೆಸಿ ಪಕ್ಕಕ್ಕೆ ಮಲಗಿಸಿದೆ. ಅವನ ಹೆಂಡತಿ ನೀರು ಸೇದಿ ಸೇದಿ ಕೊಟ್ಟಳು. ನನ್ನ ಕೂಗು ಕೇಳಿ ಮಾವ ಅವರ ಮನೆಯ ಟೆಂಪೊ ತಂದರು. ಆಸ್ಪತ್ರೆಯವರೆಗೆ ಅವರೇ ಓಡಿಸಿದರು.

ಆಸ್ಪತ್ರೆಯಲ್ಲಿ ಪಾಪೆ ಅಗಲವಾಗುವವರೆಗೆ ಇಂಜೆಕ್ಷನ್ ಕೊಟ್ಟರು. ಆ ಇಂಜೆಕ್ಷನ್ ಏರಿದಾಗ ಬುದ್ಧಿ ತಪ್ಪಿದವರಂತೆ ಆಡುತ್ತಾರೆ. ನಾನು ಎಷ್ಟೋ ಜನರಲ್ಲಿ ಅದನ್ನು ಕಂಡಿದ್ದೇನೆ. ಇದು ಇಂಜೆಕ್ಷನ್ನಿನ ಗುಣ, ಇಳಿಯುತ್ತದೆ ಎಂದು ಮನೆಯವರಿಗೆ ಸಮಾಧಾನ ಹೇಳುವುದು ನನ್ನ ಕೆಲಸವಾಗಿತ್ತು. ಅಂದು ನನಗೆ ಅದನ್ನು ಹೇಳಲು ಯಾರೂ ಇರಲಿಲ್ಲ. ತಮ್ಮ ಹಾಸಿಗೆಯ ಹೊದಿಕೆಯಿಂದ ಏನನ್ನೋ ಒಂದೊಂದಾಗಿ ಹೆಕ್ಕಿ ಹೆಕ್ಕಿ ನೆಲಕ್ಕೆ ಎಸೆಯುತ್ತಿದ್ದ. ಅಲ್ಲಿ ಏನೂ ಇರಲಿಲ್ಲ. "ಇಲ್ಲೊಂದೈತೆ, ಇಲ್ಲೊಂದೈತೆ," ಎನ್ನುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಕುಳಿತು, ಎಸೆದದ್ದನ್ನು ಕಾಲಿನಿಂದ ಉಜ್ಜಿ ಕೊಲ್ಲುವವಳಂತೆ ನಟಿಸುತ್ತಿದ್ದಳು. ಅದರಿಂದ ಅವನಿಗೆ ಸ್ವಲ್ಪ ನೆಮ್ಮದಿಯಾಗುತ್ತಿತ್ತು.

ಬುದ್ಧಿ ತಿಳಿಯಾದ ದಿನ ಅವನು ಸೂರು ನೋಡುತ್ತಾ ಮಾತಾಡಿದ.

"ಅಕ್ಕ, ಆ ಕೊನೇ ಪಟ್ಟೇಗೆ ನಾನು ಒಡೀಲಿಲ್ಲ."

"ಗೊತ್ತು. ಅಷ್ಟರಲ್ಲಿ ನಾನ್ ಬಂದೆ."

"ಅದಕ್ಕಲ್ಲ. ಮೊದ್ಲು ಅಲ್ಲಿಗೇ ಓದೆ. ಬಗ್ಗಿ ನೋಡ್ದೆ. ಕೋಲು ಎತ್ತಕ್ಕೆ ಮನಸ್ಸು ಬರ್ಲಿಲ್ಲ. ಇಷ್ಟ್ ವರ್ಸ ಯಾವ ಒಲಕ್ಕೆ ಓದ್ರೂ ಗಿಡ ನನ್ನ ಕರಿಯೋದು. ಇದು ಕರೀಲೇ ಇಲ್ಲ."

ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ವರಾಂಡಕ್ಕೆ ಹೋದಳು.

ಫಾರಂನ ಹೆಣ್ಣುಮಗಳು ಬಂದಾಗ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮೊದಲು ತಮ್ಮನ ಆರೋಗ್ಯ ವಿಚಾರಿಸಿದಳು. ಆಮೇಲೆ ಹೊಲಕ್ಕೆ ಹೋಗಿ ರೋಮದ ಪಟ್ಟೆಯ ಮುಂದೆ ಬಹಳ ಹೊತ್ತು ನಿಂತಳು. ಗಾಳಿಯಲ್ಲಿ ಹನಿ ಇಲ್ಲಿಗೂ ಹಾರಿರಬಹುದು, ಈ ಹೊಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದಳು. ಅವಳ ಕಣ್ಣು ತುಂಬಿತ್ತು. ಸರಿಯಾದ ಮಾತು ಎಂದೆ. ನಮ್ಮ ಆಸ್ಪತ್ರೆಯಲ್ಲೂ ಬೇರೇನೋ ಬೆರೆತುಹೋದ ರಕ್ತದ ಮಾದರಿಯನ್ನು ಎಷ್ಟು ಕಷ್ಟಪಟ್ಟು ತೆಗೆದಿದ್ದರೂ ಚೆಲ್ಲುತ್ತೇವೆ. ಇಬ್ಬರೂ ಸೇರಿ ಗೂಟ ಕಿತ್ತೆವು.

ಕೊಯ್ಲಿಗೆ ರೋಮದ ಪಟ್ಟೆಯೇ ಚೆನ್ನಾಗಿ ಕಾಯಿ ಕೊಟ್ಟಿತು. ಕಾಳು ಚಿಕ್ಕದು, ಆದರೆ ಗಟ್ಟಿ. ಕಣದಲ್ಲಿ ತಮ್ಮ ನನ್ನನ್ನು ಎದುರಿಗೆ ನಿಲ್ಲಿಸಿ ಸೆರಗು ಹಿಡಿಸಿದ. ಮೊರ ಎತ್ತಿದಾಗ ಎರಡು ಕೈಯೂ ನಡುಗಿದವು. ಅರ್ಧ ಕಾಳು ಸೆರಗಿಗೆ, ಅರ್ಧ ನೆಲಕ್ಕೆ. ಅವನ ಹೆಂಡತಿ ಮೊರದ ಇನ್ನೊಂದು ಅಂಚು ಹಿಡಿಯಲು ಬಂದಳು. "ಬುಡು, ನಾನೇ ತುಂಬ್ಬೇಕು," ಎಂದ. ಮತ್ತೆ ಮೊರ ತುಂಬಿಸಿಕೊಂಡ. ಎರಡನೆಯ ಸಲವೂ ಚೆಲ್ಲಿತು. ಮೂರನೆಯ ಸಲ ಮಡಿಲು ತುಂಬಿತು. ಆ ನಡುಕ ಹೋಗಲಿಲ್ಲ. ಇನ್ನು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದೇ ಸಂಜೆ ಅವನು ಮಾತಿನಂತೆ ಟಾಂಕಿಯನ್ನು ಅಟ್ಟಕ್ಕೆ ಹಾಕಿದ. ಏಣಿ ಹಿಡಿದವಳು ಅವನ ಹೆಂಡತಿ.

ಮುಂದಿನ ಆಡಿಗೆ ನನ್ನ ಪಾಲಿನ ಹೊಲದಲ್ಲಿ ರೋಮದ ಸೋಯಾ ಒಂದನ್ನೇ ಬಿತ್ತಿದೆ. ಊರಿನವರಿಗೂ ಬೀಜ ಕೊಡಲು ಹೋದೆ. ಕಾಳು ಚಿಕ್ಕದು, ಕೊಯ್ಯುವಾಗ ಮೈಯೆಲ್ಲ ತುರಿಸುತ್ತದೆ ಎಂದು ಹಿಂದಕ್ಕೆ ಕೊಟ್ಟರು. "ತುರಿಸ್ಕಳೋಕೆ ನಂಗೆ ಇನ್ನೊಂದ್ ಜೊತೆ ಕೈ ಬೇಕು ನರ್ಸಮ್ಮ," ಎಂದರು ಮಾವ. ನುಣುಪು ಎಲೆಯ ಸೋಯಾವನ್ನೇ ಬಿತ್ತಿದರು. ತಮ್ಮ ಇನ್ನು ಮದ್ದು ಹೊಡೆಯಲು ಹೋಗುವುದಿಲ್ಲವಾದ್ದರಿಂದ ಮಾವ ಸ್ವಂತಕ್ಕೆ ಒಂದು ಹೊಸ ಟಾಂಕಿ ತಂದರು.

ಹುಳ ಬಂದ ದಿನ ನಾನೂ ತಮ್ಮನೂ ನಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಬದುವಿನ ಆಚೆಯಿಂದ ವಾಸನೆ ಬಂತು. ಒಳಗೆ ನಡೆ ಎಂದು ಅವನ ತೋಳು ಹಿಡಿದೆ. ಅವನು ಬರಲಿಲ್ಲ. ಬದುವಿನ ಹತ್ತಿರ ಹೋಗಿ ನಿಂತ. ಮಾವ ಬೀಡಿ ಕಚ್ಚಿಕೊಂಡು, ಬರಿ ಮುಖದಲ್ಲಿ, ಗಾಳಿಗೆ ಎದುರಾಗಿ ಬರುತ್ತಿದ್ದರು.

"ಮಾವ, ತಿರಿಕ್ಕಳಿ! ಗಾಳಿಗೆ ಬೆನ್ನು ಕೊಡಿ! ಮೂಗಿಗೆ ಬಟ್ಟೆ ಕಟ್ಟಿ!" ಎಂದು ತಮ್ಮ ಕೂಗಿದ.

"ಓಗ್ಲಾ ಅಳಿಯಾ! ನೀನ್ಯಾವತ್ ಕಟ್ಟಿದ್ದೆ?"

ತಮ್ಮ ನಡುಗುವ ಎರಡೂ ಕೈಗಳನ್ನು ಮೇಲೆತ್ತಿ ಅವರಿಗೆ ತೋರಿಸಿದ. ಮಾವ ಒಂದು ಗಳಿಗೆ ಪಂಪು ನಿಲ್ಲಿಸಿ ನೋಡಿದರು. ಆಮೇಲೆ ತಲೆ ತಗ್ಗಿಸಿ, ಅದೇ ದಿಕ್ಕಿನಲ್ಲಿ ಮತ್ತೆ ನಡೆಯತೊಡಗಿದರು.